ಪಾಪ್-ಅಪ್ ಬಾರ್: ಬಂದು ಹೋಗುವ ಬಾರಿಗೂ ಒಂದು ಗುರುತು

ಪಾಪ್-ಅಪ್ ಬಾರ್ ಅಂದರೆ ಕಾಯಂ ಅಲ್ಲದ ಬಾರ್. ಒಂದು ರಾತ್ರಿ, ಒಂದು ವಾರ, ಹೆಚ್ಚೆಂದರೆ ಒಂದು ಸೀಸನ್ ನಡೆದು ಎದ್ದುಹೋಗುತ್ತದೆ. ಹೆಸರುವಾಸಿಯಾದದ್ದು ನ್ಯೂಯಾರ್ಕಿನ ‘ಮಿರಕಲ್’. 2014ರ ಕ್ರಿಸ್‌ಮಸ್‌ಗೆ, ಕಟ್ಟಿ ಮುಗಿಯದ ಒಂದು ಬಾರಿನಲ್ಲಿ ಶುರುವಾಯಿತು. ಈಗ ಡಿಸೆಂಬರ್ ಬಂದರೆ ಹಲವು ದೇಶಗಳ ಬಾರ್‌ಗಳು ಅದೇ ಹೆಸರು, ಅದೇ ಮೆನು, ಅದೇ ಗ್ಲಾಸು ಹಾಕಿಕೊಂಡು ಕೆಲವು ವಾರ ‘ಮಿರಕಲ್’ ಆಗುತ್ತವೆ. ಕಟ್ಟಡ ಅವರದು, ಗುರುತು ಇನ್ನೊಬ್ಬರದು.

ಈ ಗುರುತನ್ನೇ ವಿನ್ಯಾಸದವರು ಬ್ರ್ಯಾಂಡ್ ಐಡೆಂಟಿಟಿ ಅನ್ನುತ್ತಾರೆ. ತುಂಬಾ ಜನ ಅದನ್ನು ಲೋಗೋ ಅಂದುಕೊಂಡಿದ್ದಾರೆ. ಲೋಗೋ ಅದರ ಒಂದು ಚೂರು ಅಷ್ಟೆ. ಹೆಸರು, ಬಣ್ಣ, ಅಕ್ಷರ, ಮೆನುವಿನ ಮಾತು, ಹಾಡು, ಬಡಿಸುವವರ ಬಟ್ಟೆ ಎಲ್ಲವೂ ಸೇರಬೇಕು. ಮೂವತ್ತು ವರ್ಷದಿಂದ ಒಂದೇ ಮೂಲೆಯಲ್ಲಿರುವ ಬಾರಿಗೆ ಬೋರ್ಡು ಮಾಸಿದ್ದರೂ ಗಿರಾಕಿ ಹುಡುಕಿಕೊಂಡು ಬರುತ್ತಾನೆ. ಪಾಪ್-ಅಪ್‌ಗೆ ಆ ಪುರುಸೊತ್ತಿಲ್ಲ. ಇದು ಎಂಥ ಬಾರ್ ಅಂತ ಒಳಗೆ ಕಾಲಿಟ್ಟವರಿಗೆ ಕೂಡಲೇ ತಿಳಿಯಬೇಕು. ಅದಕ್ಕೇ ಇಲ್ಲಿ ಗುರುತಿನ ಕೆಲಸ, ಜಾಗದ ಕೆಲಸ ಬೇರೆ ಬೇರೆ ಅಲ್ಲ. ಲೋಗೋ ಒಬ್ಬರಿಗೆ, ಒಳಾಂಗಣ ಇನ್ನೊಬ್ಬರಿಗೆ ಕೊಟ್ಟು ಕೊನೆಯ ದಿನ ಜೋಡಿಸಲು ಹೋದರೆ ಮದುವೆ ಮಂಟಪಕ್ಕೆ ಬ್ಯಾನರ್ ಕಟ್ಟಿದ ಹಾಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಬಣ್ಣವಲ್ಲ, ಲೈಸೆನ್ಸ್. ಮದ್ಯ ಮಾರುವ ಪರವಾನಗಿ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬಾರ್ ಮತ್ತು ರೆಸ್ಟೋರೆಂಟ್‌ಗಳದು ಸಿಎಲ್-9, ಲಾಡ್ಜಿಂಗ್ ಇರುವ ಹೋಟೆಲ್‌ಗಳದು ಸಿಎಲ್-7. ಖಾಲಿ ಮೈದಾನದಲ್ಲಿ ಬಾರ್ ತೆರೆಯಬೇಕಾದರೆ ಆ ಸಂದರ್ಭಕ್ಕೆಂದೇ ಸಿಎಲ್-5 ತೆಗೆದುಕೊಳ್ಳಬೇಕು. ಆ ಓಡಾಟ ಬೇಡವೆಂದು ನಮ್ಮಲ್ಲಿ ಜಾಸ್ತಿ ನಡೆಯುವುದು ‘ಟೇಕೋವರ್’. ಅಂದರೆ ಲೈಸೆನ್ಸ್ ಇರುವ ಬಾರಿಗೇ ಹೋಗಿ ಒಂದೆರಡು ರಾತ್ರಿ ನಮ್ಮ ವೇಷ ತೊಡಿಸುವುದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪೇಂಟ್ ಮಾಡುವಂತಿಲ್ಲ. ವಿನ್ಯಾಸದ ಅರ್ಧ ಜಾಣತನ ಇಲ್ಲೇ ಖರ್ಚಾಗುತ್ತದೆ.

ಮದ್ಯದ ಕಂಪನಿಗಳಿಗೆ ಪಾಪ್-ಅಪ್ ಮೇಲೆ ಇಷ್ಟೊಂದು ಪ್ರೀತಿ ಯಾಕೆ? ಕೇಬಲ್ ಟಿವಿ ನಿಯಮಗಳ ಪ್ರಕಾರ ಮದ್ಯದ ಜಾಹೀರಾತು ತೋರಿಸುವಂತಿಲ್ಲ. ಮದ್ಯದ ಹೆಸರನ್ನೇ ಸೋಡಾ, ಮ್ಯೂಸಿಕ್ ಸಿ.ಡಿ. ಮೇಲೆ ಹಾಕಿ ತೋರಿಸುವ ಬಳಸುದಾರಿ ಹಿಡಿದದ್ದನ್ನು ಎಲ್ಲರೂ ನೋಡಿದ್ದೇವೆ. ಪಾಪ್-ಅಪ್‌ನಲ್ಲಿ ಜಾಗವೇ ಜಾಹೀರಾತು.

ಒಂದು ಬಾರನ್ನು ಕಲ್ಪಿಸಿಕೊಳ್ಳೋಣ. ಜುಲೈ ತಿಂಗಳು, ಹೆಸರು ‘ಸೋನೆ’. ಬೆಂಗಳೂರಿನ ಜಿಟಿಜಿಟಿ ಮಳೆಯೇ ವಿಷಯ. ಛತ್ರಿ ನೇತುಹಾಕುವುದು ಎಲ್ಲರಿಗೂ ಹೊಳೆಯುತ್ತದೆ, ದಯವಿಟ್ಟು ಬೇಡ. ಕೌಂಟರ್ ಮೇಲೆ ತಗಡಿನ ಶೀಟಿನ ಒಂದು ಚಾವಣಿ ಇಳಿಸಬಹುದು. ಬಣ್ಣ ಎರಡೇ ಸಾಕು: ಒದ್ದೆ ಕಲ್ಲಿನ ಬೂದು, ಬೀದಿದೀಪದ ಹಳದಿ. ಪುನರ್ಪುಳಿ, ಶುಂಠಿ, ನಿಂಬೆ ಹಾಕಿದ ಜಿನ್. ನಂಜಿಕೊಳ್ಳಲು ಕಾಂಗ್ರೆಸ್ ಕಡಲೆಬೀಜ. ಗ್ಲಾಸಿನ ಕೆಳಗಿಡುವ ಕೋಸ್ಟರ್‌ಗೆ, ಒದ್ದೆಯಾದರೆ ಪಾರದರ್ಶಕವಾಗುವ ಬಿಳಿ ಶಾಯಿ ಸಿಗುತ್ತದೆ. ಗ್ಲಾಸು ಬೆವರಿದಂತೆ ಅಡಿಯಲ್ಲಿದ್ದ ಚಿತ್ರ ಮೇಲೆ ಬರುತ್ತದೆ. ಲೋಗೋವನ್ನು ಗೋಡೆ ತುಂಬಾ ಬಳಿಯುವುದಕ್ಕಿಂತ ಈ ಒಂದು ಕೋಸ್ಟರ್ ಜಾಸ್ತಿ ಕೆಲಸ ಮಾಡುತ್ತದೆ, ಅಲ್ವಾ?

ಬೋರ್ಡಿನ ವಿಷಯಕ್ಕೆ ಬಂದರೆ, ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾದ ಮೇಲೆ ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಲೇಬೇಕು. ಇಂಗ್ಲಿಷಿನಲ್ಲಿ ಲೋಗೋ ಮುಗಿಸಿ, ಆಮೇಲೆ ಯಾವುದೋ ಫಾಂಟಿನಲ್ಲಿ ಕನ್ನಡ ತುರುಕುವ ಚಾಳಿ ನಮ್ಮಲ್ಲಿದೆ. ತಿರುಗಿಸಿ ಮಾಡಿದರೆ ಚೆನ್ನ. ಕನ್ನಡದ ದುಂಡನೆಯ ಅಕ್ಷರ ಎಲ್‌ಇಡಿ ನಿಯಾನ್ ಪಟ್ಟಿಗೆ ಹೇಳಿ ಮಾಡಿಸಿದ್ದು, ಬಗ್ಗಿಸಿದಂತೆ ಬಗ್ಗುತ್ತದೆ. ಒತ್ತಕ್ಷರ ಬಂದಾಗ ಮಾತ್ರ ತಕರಾರು. ‘ಸೋನೆ’ಯಲ್ಲಿ ಒತ್ತಿಲ್ಲ, ಒಂದೇ ಸಾಲಿನಲ್ಲಿ ಕೂರುತ್ತದೆ. ‘ಜ್ಯೋತ್ಸ್ನಾ’ ಅಂತ ಹೆಸರಿಟ್ಟರೆ ಒತ್ತುಗಳು ಕೆಳಗಿಳಿದು ಬೋರ್ಡಿನ ಎತ್ತರವೇ ಹೆಚ್ಚುತ್ತದೆ. ಹೆಸರಿಡುವ ಮುಂಚೆಯೇ ಇದನ್ನು ಬರೆದು ನೋಡಬೇಕು. ಉಚಿತವಾಗಿ ಸಿಗುವ ‘ಬಾಲೂ ತಮ್ಮ’ದಂಥ ಫಾಂಟುಗಳಿಂದ ಶುರು ಮಾಡಬಹುದು.

ಜಾಗದ ಲೆಕ್ಕ ಸುಲಭ, ಆದರೆ ಬಿಗಿ. ಬಾರ್ ಕೌಂಟರ್ ಸುಮಾರು 42 ಇಂಚು ಎತ್ತರ, ಒಳಗಡೆ ಕೆಲಸ ಮಾಡುವ ಹಲಗೆ 36 ಇಂಚು. ಹಿಂದೆ ಬಾರ್‌ಟೆಂಡರ್ ಓಡಾಡಲು ಮೂರಡಿ. ಒಬ್ಬ ಗಿರಾಕಿಗೆ ಎರಡಡಿ ಅಂತಿಟ್ಟರೆ ಹತ್ತಡಿ ಕೌಂಟರ್ ಮುಂದೆ ಹಿಡಿಸುವುದು ಐದೇ ಜನ. ಅವರೆಲ್ಲ ಸ್ಟೂಲ್ ಹಾಕಿಕೊಂಡು ಕೂತುಬಿಟ್ಟರೆ ಆರನೆಯವನಿಗೆ ಆರ್ಡರ್ ಕೊಡಲೂ ಜಾಗವಿಲ್ಲ. ಅದಕ್ಕೇ ಕೌಂಟರಿನಲ್ಲಿ ಕೊಂಡು, ಬೇರೆ ಕಡೆ ನಿಂತು ಕುಡಿಯುವ ವ್ಯವಸ್ಥೆ ಒಳ್ಳೆಯದು. ದರ್ಶಿನಿಗಳ ಎತ್ತರದ ಮೇಜು ನಮ್ಮೂರಿನವರಿಗೆ ಹೊಸದೇನಲ್ಲ.

ಇನ್ನು ಕಟ್ಟುವುದು. ಎಂಟು ಬೈ ನಾಲ್ಕು ಅಡಿ ಪ್ಲೈವುಡ್ ಹಾಳೆಯ ಲೆಕ್ಕಕ್ಕೇ ಅಳತೆ ಇಟ್ಟರೆ ವ್ಯರ್ಥವಾಗುವ ತುಂಡು ಕಡಿಮೆ, ದುಡ್ಡೂ ಉಳಿತಾಯ. ಮೊಳೆ ಬದಲು ಬೋಲ್ಟ್ ಹಾಕಬೇಕು. ಬಿಡಿಬಿಡಿಯಾಗಿ ಲಿಫ್ಟಿನಲ್ಲಿ ಹತ್ತಿ, ಟೆಂಪೊದಲ್ಲಿ ಕೂರಬೇಕು. ದೀಪಕ್ಕೆ ಎಸ್.ಪಿ. ರೋಡ್, ಬಿದಿರಿಗೆ ಬ್ಯಾಂಬೂ ಬಜಾರ್, ಮೆನು ಅಚ್ಚಿಗೆ ಸುಲ್ತಾನ್‌ಪೇಟೆ. ದೀಪ 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಚ್ಚನೆಯ ಬೆಳಕಿನದಾದರೆ ಮುಖವೂ ಪಾನೀಯವೂ ಚೆನ್ನಾಗಿ ಕಾಣುತ್ತವೆ. ಬಿಳಿ ಟ್ಯೂಬ್‌ಲೈಟಿನಲ್ಲಿ ಎಂಥ ಕಾಕ್‌ಟೇಲ್ ಆದರೂ ಕೆಮ್ಮಿನ ಔಷಧಿಯೇ.

ಯಾರೂ ಮಾತಾಡದ ವಿಷಯ ನೀರು. ಪೈಪಿಲ್ಲದ ಜಾಗದಲ್ಲಿ ಸಿಂಕಿನ ಕೆಳಗೆ ಕೊಳಕು ನೀರಿಗೆ ಕ್ಯಾನ್ ಬೇಕು, ಕರಗುವ ಐಸಿಗೆ ಒಂದು ದಾರಿ ಬೇಕು. ತೆರೆದ ಜಾಗವಾದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಹಾಡಿನ ಮೇಲೇ ಗುರುತು ಕಟ್ಟಿದವರು ಹತ್ತೂವರೆಗೆ ಏನು ಮಾಡುತ್ತಾರೆ ಅಂತ ಮೊದಲೇ ಯೋಚಿಸಿರಬೇಕು.

ಕೌಂಟರ್ ಬಿಚ್ಚಿದ ಮೇಲೂ ಹೆಸರು ಉಳಿಯುತ್ತದೆ. ಮುಂದಿನ ಮಳೆಗಾಲಕ್ಕೆ ‘ಸೋನೆ’ ಮತ್ತೆ ಬೇಕೆನಿಸಿದರೆ ಟ್ರೇಡ್‌ಮಾರ್ಕ್ ಅರ್ಜಿ ಹಾಕುವುದು 43ನೇ ವರ್ಗದಲ್ಲಿ. ಬಾರ್ ಸೇವೆ ಬರುವುದು ಅಲ್ಲಿ. ಅದೇ ಹೆಸರಿನಲ್ಲಿ ಜಿನ್ ಬಾಟಲಿ ತರುವ ಆಸೆ ಇದ್ದರೆ 33, ಬಿಯರ್ ಆದರೆ 32.