ಪರವಾನಗಿ ಮುಗಿದ ಅಣೆಕಟ್ಟು, ಅವಧಿಯೇ ಇಲ್ಲದ ಅಣೆಕಟ್ಟು

ಅಣೆಕಟ್ಟು ತೆರವಾದ ಮೇಲೆ ನದಿ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಚಿತ್ರಪಟ, ನಕ್ಷೆಗಳಲ್ಲಿ ಊರಿಂದೂರಿಗೆ ಒಯ್ದು ತೋರಿಸುವ ಸಂಚಾರಿ ಪ್ರದರ್ಶನವೊಂದು ಹಾಸನಕ್ಕೆ ಬಂದರೆ, ನೋಡಬರುವವರಲ್ಲಿ ಹೇಮಾವತಿಯ ನಾಲೆ ನೀರಿನಿಂದ ಗದ್ದೆ ಮಾಡಿದವರೂ ಇರುತ್ತಾರೆ, ಅದೇ ಹೊಳೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರೂ ಇರುತ್ತಾರೆ. ಕಟ್ಟಿದ್ದನ್ನು ಒಡೆಯಲು ಒಪ್ಪಿದವರು ಯಾರು ಎಂಬ ಪ್ರಶ್ನೆ ಇಬ್ಬರಿಗೂ ಬರುವಂಥದ್ದೇ. ಚಿತ್ರಪಟಗಳಲ್ಲಿ ಅದಕ್ಕೆ ಉತ್ತರ ಸಿಗುವುದು ಕಷ್ಟ, ಅದು ಕಡತಗಳಲ್ಲಿದೆ.

ಅಮೆರಿಕದಲ್ಲಿ ಖಾಸಗಿ ಜಲವಿದ್ಯುತ್ ಅಣೆಕಟ್ಟುಗಳಿಗೆ ಸಾಮಾನ್ಯವಾಗಿ 30ರಿಂದ 50 ವರ್ಷಗಳ ಪರವಾನಗಿ ಕೊಡುತ್ತಾರೆ. ಅವಧಿ ಮುಗಿದಾಗ ನವೀಕರಣದ ವಿಚಾರಣೆ ನಡೆಯುತ್ತದೆ, ತಕರಾರು ಹೂಡಲು ಜನರಿಗೆ ಅಲ್ಲಿ ಎಡೆ ಸಿಗುತ್ತದೆ. ಮೇನ್ ರಾಜ್ಯದ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ್ದ ಎಡ್ವರ್ಡ್ಸ್ ಅಣೆಕಟ್ಟಿಗೆ 1997ರಲ್ಲಿ ನವೀಕರಣ ನಿರಾಕರಣೆಯಾಯಿತು. 1999ರ ಜುಲೈನಲ್ಲಿ ಅದನ್ನು ಒಡೆದರು. ಆರೆಗಾನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳು 2024ರ ಹೊತ್ತಿಗೆ ತೆರವಾದದ್ದೂ ಪರವಾನಗಿಯ ದಾರಿಯಿಂದಲೇ.

ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಕಥೆ ಇನ್ನೂ ವಿವರವಾಗಿ ಹೇಳಬೇಕಾದದ್ದು. ಸಮುದ್ರದಿಂದ ಸುಮಾರು 8 ಕಿಲೋಮೀಟರ್ ಮೇಲೆ ವಿದ್ಯುತ್ತಿಗಾಗಿ 1910ರಲ್ಲಿ ಆರಂಭವಾದ ಎಲ್ವಾ ಅಣೆಕಟ್ಟಿನ ತಳಭಾಗ 1912ರ ಅಕ್ಟೋಬರ್‌ನಲ್ಲಿ ನೀರು ತುಂಬುತ್ತಿರುವಾಗಲೇ ಕಿತ್ತುಹೋಯಿತು. ಕಲ್ಲುಮಣ್ಣು ತುಂಬಿ ದುರಸ್ತಿ ಮಾಡಿ 1913ರಲ್ಲಿ ಮುಗಿಸಿದರು. ಮೀನು ಹತ್ತಿ ಹೋಗಲು ದಾರಿ ಬಿಡಬೇಕೆಂಬ ಕಾನೂನು ಆ ಹೊತ್ತಿಗಾಗಲೇ ಇತ್ತು. ದಾರಿಯ ಬದಲು ಮೀನುಮರಿ ಸಾಕಣೆ ಕೇಂದ್ರವೊಂದನ್ನು ಕಟ್ಟಿ ಸಮಾಧಾನಪಡಿಸಿದರು, ಕೆಲವೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟರು. ಪರಿಹಾರದ ಹೆಸರಿನಲ್ಲಿ ಕೊಟ್ಟದ್ದು ಹೀಗೆ ಸದ್ದಿಲ್ಲದೆ ಇಲ್ಲವಾಗುವುದು ಮುಳುಗಡೆ ಸಂತ್ರಸ್ತರಿಗೆ ಹೊಸ ಸಂಗತಿಯೇನಲ್ಲ. 1927ರಲ್ಲಿ ಮೇಲ್ಭಾಗದಲ್ಲಿ 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟು ಬಂತು. ಮೊಟ್ಟೆಯಿಡಲು ಸಮುದ್ರದಿಂದ ಏರಿಬರುವ ಸಾಲ್ಮನ್ ಮೀನಿಗೆ ಉಪನದಿಗಳೂ ಸೇರಿ ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿಯಲ್ಲಿ ಉಳಿದದ್ದು ಕೆಳಗಿನ ಆ 8 ಕಿಲೋಮೀಟರ್ ಮಾತ್ರ. ಆ ಮೀನನ್ನೇ ನಂಬಿದ್ದ ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರು ಪರವಾನಗಿ ವಿವಾದದಲ್ಲಿ ಪಟ್ಟುಹಿಡಿದರು, 1992ರಲ್ಲಿ ಅಮೆರಿಕದ ಸಂಸತ್ತು ನದಿಯ ಪುನಶ್ಚೇತನಕ್ಕೆ ಕಾಯಿದೆ ಮಾಡಿತು, ಆದರೂ ಕೆಲಸ ಆರಂಭವಾದದ್ದು 2011ರ ಸೆಪ್ಟೆಂಬರ್‌ನಲ್ಲಿ.

ತೊಡಕು ಕಾಂಕ್ರೀಟಿಗಿಂತ ಹೂಳಿನದಾಗಿತ್ತು. ಎರಡು ಜಲಾಶಯಗಳಲ್ಲಿ ಎರಡು ಕೋಟಿ ಘನ ಮೀಟರ್‌ನಷ್ಟು ಹೂಳು ಕೂತಿತ್ತು. ಒಮ್ಮೆಲೇ ಬಿಟ್ಟರೆ ಕೆಳಗಿನ ಮೀನೂ ಉಳಿಯದು, ಕುಡಿಯುವ ನೀರೂ ಕೆಡುತ್ತದೆ ಎಂದು ನಡುನಡುವೆ ಕೆಲಸ ನಿಲ್ಲಿಸುತ್ತಾ 2014ರವರೆಗೆ ಹಂತಹಂತವಾಗಿ ಒಡೆದರು. ಹರಿದುಹೋದ ಮರಳು ನದೀಮುಖದಲ್ಲಿ ಹೊಸ ದಂಡೆಯಾಯಿತು, ಬುಡಕಟ್ಟಿನವರ ಮುಳುಗಿದ್ದ ಪವಿತ್ರ ಸ್ಥಳ ಮತ್ತೆ ಕಾಣಿಸಿತು.

ನೀರಿನಡಿಯಿಂದ ಊರು ಮೇಲೇಳುವುದನ್ನು ಹಾಸನದವರು ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಚರ್ಚ್ ಬಳಿ ಕಾಣುತ್ತಾರೆ. ಆದರೆ ಗೊರೂರಿನಲ್ಲಿ 1979ರಲ್ಲಿ ಮುಗಿದ, 37 ಟಿಎಂಸಿ ಹಿಡಿಯುವ ಹೇಮಾವತಿ ಅಣೆಕಟ್ಟನ್ನು ನಂಬಿದ ಅಚ್ಚುಕಟ್ಟು ತುಮಕೂರು, ಮಂಡ್ಯದವರೆಗೆ ಹಬ್ಬಿದೆ. ವಿದ್ಯುತ್ತಿಗೆ ಬೇರೆ ಮೂಲ ಹುಡುಕಿದಷ್ಟು ಸುಲಭವಾಗಿ ನಾಲೆಗೆ ಬದಲಿ ಸಿಗುವುದಿಲ್ಲ, ಹಾಗಾಗಿ ಎಲ್ವಾವನ್ನು ಇಲ್ಲಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ನೀರಾವರಿ ಅಣೆಕಟ್ಟುಗಳಿಗೆ ಅವಧಿಯ ಪರವಾನಗಿ ಎಂಬುದೇ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯ ಗಮನ ತಪಾಸಣೆ, ನಿರ್ವಹಣೆಗಳ ಮೇಲಿದೆ. ಅಣೆಕಟ್ಟು ಬೇಕೋ ಬೇಡವೋ ಎಂದು ಮತ್ತೆ ಕೇಳುವ ದಿನವನ್ನು ಅದು ಗೊತ್ತುಮಾಡುವುದಿಲ್ಲ. ಆದ್ದರಿಂದ ಈ ಜಿಲ್ಲೆಯಲ್ಲಿ ಆ ಪ್ರಶ್ನೆ ಬಲವಾಗಿ ಎದ್ದದ್ದು ಕಟ್ಟುವ ಮೊದಲೇ: ಸಕಲೇಶಪುರದ ಕಾಡಂಚಿನ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರ ವರದಿಯಲ್ಲಿ ಶಿಫಾರಸು ಮಾಡಿತು.