ಪದ ಪರಿಚಯ: ಕ್ರಾಸ್‌-ಪೋಲ್ ಐಸೊಲೇಶನ್

ಡ್ಯುಯಲ್ ಪೋಲ್ ಹವಾಮಾನ ರೇಡಾರ್ ಎರಡು ಬಗೆಯ ಅಲೆ ಕಳಿಸುತ್ತದೆ: ಎಚ್ ಅಲೆ ನೆಲಕ್ಕೆ ಸಮಾಂತರವಾಗಿ ಕಂಪಿಸಿದರೆ, ವಿ ಅಲೆ ನೆಟ್ಟಗೆ ಕಂಪಿಸುತ್ತದೆ. ಮರಳಿ ಬಂದ ಎಚ್, ವಿ ಬಲಗಳ ಅನುಪಾತವೇ ಝಡ್‌ಡಿಆರ್. ಅದನ್ನು ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ ಹೇಳುತ್ತಾರೆ, ಎರಡೂ ಸಮವಿದ್ದರೆ ಸೊನ್ನೆ. ಹನಿ ದೊಡ್ಡದಾದಷ್ಟೂ ಚಪ್ಪಟೆಯಾಗುತ್ತದೆ, ಝಡ್‌ಡಿಆರ್ ಏರುತ್ತದೆ. 4 ಮಿ.ಮೀ. ಹನಿಗೆ 2 ಡಿಬಿ ಮೀರುತ್ತದೆ, 1 ಮಿ.ಮೀ. ಹನಿ ಹೆಚ್ಚುಕಡಿಮೆ ಗುಂಡಗಿರುವುದರಿಂದ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ಆದರೆ ಯಾವ ಆಂಟೆನಾವೂ ಎಚ್ ಅನ್ನು ಅಪ್ಪಟ ಎಚ್ ಆಗಿಯೇ ಕಳಿಸುವುದಿಲ್ಲ. ಡಿಶ್‌ನತ್ತ ಅಲೆ ಬಿಡುವ ಫೀಡ್ ಹಾರ್ನ್, ಅದನ್ನು ಹಿಡಿದಿರುವ ಕಂಬಿಗಳು, ಡಿಶ್‌ನ ಮೇಲ್ಮೈ ಎಲ್ಲವೂ ಒಂದಿಷ್ಟನ್ನು ವಿ ಕಡೆಗೆ ಸೋರಿಸುತ್ತವೆ. ಆ ಸೋರಿಕೆಯನ್ನು ಎಷ್ಟು ಡಿಬಿ ತಗ್ಗಿಸಲಾಗಿದೆ ಎಂಬ ಅಳತೆಯೇ ಕ್ರಾಸ್‌-ಪೋಲ್ ಐಸೊಲೇಶನ್. ಎಚ್, ವಿ ಸರದಿಯಂತೆ ಹೊರಟರೆ 20 ಡಿಬಿ ಸುಮಾರಿನಲ್ಲೂ ಕೆಲಸ ನಡೆಯುತ್ತದೆ. ಒಟ್ಟಿಗೇ ಹೊರಟರೆ ಸೋರಿದ್ದು ಅಸಲಿ ಅಲೆಯ ಜೊತೆಗೇ ಕೂಡಿಕೊಳ್ಳುತ್ತದೆ, ಝಡ್‌ಡಿಆರ್‌ನ ತಪ್ಪು 0.2 ಡಿಬಿ ದಾಟದಿರಲು 40 ಡಿಬಿಗೂ ಮೇಲೆ ಬೇಕು.

ಮಲೆನಾಡಿನಲ್ಲಿ ಈ 0.2 ಡಿಬಿಯನ್ನು ಕಡೆಗಣಿಸುವಂತಿಲ್ಲ. ಏಪ್ರಿಲ್-ಮೇ ಗುಡುಗು ಮಳೆಯ ದಪ್ಪ ಹನಿಗೆ ಅದು ಸಣ್ಣ ತಪ್ಪು. ಆದರೆ ಆಗುಂಬೆ, ಹುಲಿಕಲ್ ಘಟ್ಟಗಳ ಮುಂಗಾರಿನಲ್ಲಿ ಬಹುಪಾಲು ಸಣ್ಣ ಹನಿಗಳೇ. ಅಳೆಯಬೇಕಾದ ಝಡ್‌ಡಿಆರ್ ಎಷ್ಟೋ ಸಲ ಅರ್ಧ ಡಿಬಿಯ ಆಸುಪಾಸು. ಹನಿಯ ಗಾತ್ರ ತಪ್ಪಿದರೆ ಮಳೆಯ ಪ್ರಮಾಣವೂ ತಪ್ಪುತ್ತದೆ.

ತಪ್ಪು ಹಿಡಿಯುವ ರೂಢಿಯ ದಾರಿ: ತುಂತುರು ಮಳೆಯಲ್ಲಿ ಡಿಶ್ಶನ್ನು 90 ಡಿಗ್ರಿಗೆ ಎತ್ತಿ ಒಂದು ಸುತ್ತು ತಿರುಗಿಸುವುದು. ಕೆಳಗಿನಿಂದ ಎಲ್ಲ ಹನಿಯೂ ಗುಂಡಗೇ ಕಾಣುವುದರಿಂದ ಸರಾಸರಿ ಸೊನ್ನೆ ಬರಬೇಕು. ಬಂದ ವ್ಯತ್ಯಾಸವನ್ನು ಕಳೆಯುತ್ತಾರೆ. ಸದಾ ಒಂದೇ ಇರುವ ತಪ್ಪು ಇದರಿಂದ ಹೋಗುತ್ತದೆ, ಸೋರಿಕೆಯದ್ದು ಹೋಗುವುದಿಲ್ಲ. ಮಳೆಯೊಳಗೆ ಸಾಗುತ್ತ ಎಚ್ ಅಲೆ ವಿ ಗಿಂತ ಹಿಂದೆ ಬೀಳುತ್ತದೆ. ಆ ಅಂತರ ಬೆಳೆದಂತೆ ತಪ್ಪೂ ಬದಲಾಗುತ್ತದೆ. ಹತ್ತಾರು ಕಿಲೋಮೀಟರ್ ಜಡಿಮಳೆ ದಾಟುವ ಕಿರಣಕ್ಕೆ ಒಂದೇ ತಿದ್ದುಪಡಿ ಸಾಲದು.

ಡಿಶ್ಶನ್ನು ಮುಚ್ಚಿರುವ ಗುಮ್ಮಟ, ಅಂದರೆ ರೇಡೋಮ್, ಒದ್ದೆಯಾದರೆ ಇನ್ನೊಂದು ತೊಡಕು. ನೀರು ಗೆರೆಗೆರೆಯಾಗಿ ಕೆಳಗಿಳಿದರೆ ಆ ಗೆರೆಗಳು ವಿ ಅಲೆಯನ್ನೇ ಹೆಚ್ಚು ತಗ್ಗಿಸುತ್ತವೆ, ಝಡ್‌ಡಿಆರ್ ಸುಳ್ಳಾಗಿ ಏರುತ್ತದೆ. ನೀರು ಅಂಟದ ಲೇಪನ ಸವೆದಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಬೇಕು.

ಸುತ್ತಲೂ ಒಂದೇ ಹದದ ಸೋನೆ ಇರುವಾಗ ಕೆಳಕೋನದ ಝಡ್‌ಡಿಆರ್ ಅನ್ನು ದಿಕ್ಕುವಾರು ಬಿಡಿಸಿ ನೋಡಿ. ಪ್ರತಿ ಸುತ್ತಿನಲ್ಲೂ ಅದೇ ದಿಕ್ಕಿಗೆ ಏರುಪೇರಾದರೆ ರೇಡೋಮ್‌ನ ಜೋಡಣೆ ಗೆರೆಯನ್ನೋ ಅಡ್ಡ ಬಂದ ಗುಡ್ಡವನ್ನೋ ಶಂಕಿಸಬೇಕು. ಎಲ್ಲ ದಿಕ್ಕಿಗೂ ಸಮನಾಗಿ ಸರಿದಿದ್ದರೆ ಮೊದಲು ಆಂಟೆನಾ, ರಿಸೀವರ್‌ಗಳನ್ನು ಪರೀಕ್ಷಿಸಿ.