ಗೋಡೆಯಿಲ್ಲದ ಕಾರ್ಖಾನೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಿಂತಿದ್ದೆ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಒಳಗಿನ ತೇವ ಆವಿಯಾಗಿ ಕಾಳು ಚಟಚಟನೆ ಅರಳಿತು. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಷ್ಟರಲ್ಲಿ ಮಾಲೀಕರಿಗೆ ದೊಡ್ಡ ಆರ್ಡರಿನ ಫೋನ್ ಬಂತು. ಒಬ್ಬರ ಕೈಲಿ ಆಗುವ ಮಾಲಲ್ಲ. “ಪಕ್ಕದ ಭಟ್ಟಿಯವರನ್ನೂ ಸೇರಿಸ್ಕೊಳ್ರಿ” ಎಂದೆ. “ಪಾಲುಗಾರಿಕೆ ನನ್ನ ಜಾತಕಕ್ಕೆ ಆಗಿಬರಲ್ಲ ಸರ್” ಎಂದು ಆರ್ಡರ್ ಬಿಟ್ಟೇಬಿಟ್ಟರು.

ನನಗೆ ಸಂಕಟವಾಯಿತು. ಇದಕ್ಕೆ ಗ್ರಹಗಳನ್ನು ಯಾಕೆ ದೂರಬೇಕು? ಮಾರುಕಟ್ಟೆ ಇರುವಾಗ ಕಂಪನಿಗಳಾದರೂ ಯಾಕೆ ಬೇಕು ಎಂದು 1937ರಲ್ಲೇ ರೊನಾಲ್ಡ್ ಕೋಸ್ ಕೇಳಿದ್ದರು. 1991ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಹೊರಗಿನವರಿಂದ ಕೆಲಸ ಮಾಡಿಸಲು ಜನ ಹುಡುಕಬೇಕು, ಚೌಕಾಸಿ ಮಾಡಬೇಕು, ಬಂದ ಮಾಲು ಪರೀಕ್ಷಿಸಬೇಕು. ಈ ಖರ್ಚು ವಿಪರೀತವಾದಾಗ ಎಲ್ಲರನ್ನೂ ಒಂದೇ ಗೋಡೆಯೊಳಗೆ ಕೂರಿಸುವುದೇ ಅಗ್ಗ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ ಹತ್ತಿ ಗಿರಣಿಗಳನ್ನು ನೆನೆಸಿಕೊಳ್ಳಿ, ಅವುಗಳ ಎತ್ತರದ ಗೋಡೆಗಳ ಲೆಕ್ಕ ಸಿಗುತ್ತದೆ.

ಹುಡುಕಾಟದ ಖರ್ಚನ್ನು ಈಗ ಮೊಬೈಲ್ ತಿಂದುಹಾಕಿದೆ. ಹಾಗಾಗಿ ಒಂದು ಆರ್ಡರಿಗೆಂದೇ ಕೂಡಿ, ಅದು ಮುಗಿದಾಗ ಚದುರುವ ಸಂಸ್ಥೆ ಕಟ್ಟಬಹುದು. ಇದನ್ನೇ ವರ್ಚುವಲ್ ಸಂಸ್ಥೆ ಎನ್ನುತ್ತಾರೆ. ಹೆಸರು ಹೊಸದು, ರೂಢಿ ನಮ್ಮದೇ. ಮದುವೆ ಮನೆ ನೋಡಿ: ಅಡುಗೆಯವರು, ಶಾಮಿಯಾನದವರು, ವಾಲಗದವರು, ಹೂವಿನವರು ಎರಡು ದಿನ ಒಂದೇ ಕಂಪನಿ, ಬೀಗರು ಬಸ್ ಹತ್ತಿದರೆ ಯಾರ ದಾರಿ ಅವರಿಗೆ. ಹೊಲದ ಮುಯ್ಯಾಳೂ ಅದೇ: ಇವತ್ತು ನಿಮ್ಮ ಕಳೆಗೆ ನಾವು, ನಾಳೆ ನಮ್ಮ ಕಳೆಗೆ ನೀವು. ಯಾರೂ ಯಾರ ಜಮೀನಿಗೂ ಪಾಲುದಾರರಲ್ಲ!

ಆದರೆ ಹತ್ತು ಭಟ್ಟಿಯವರು ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಮಾತಾಡಿಕೊಳ್ಳಬೇಕೆಂದರೆ 45 ಜೋಡಿ ಮಾತುಕತೆ. ಇಪ್ಪತ್ತಾದರೆ 190! ಮದುವೆಯ ಕಂಟ್ರಾಕ್ಟರನಂತೆ ನಡುವೆ ಒಬ್ಬರು ನಿಂತರೆ ಹತ್ತು ಭಟ್ಟಿಗೆ ಹತ್ತೇ ಫೋನು ಸಾಕು.

ಫೋನಿಗೆ ಬಗ್ಗದ್ದು ಪರೀಕ್ಷೆಯ ಖರ್ಚು. ಒಂದು ಭಟ್ಟಿಯದು ಗರಿಗರಿ, ಇನ್ನೊಂದರದು ಮೆತ್ತಗೆ, ಮತ್ತೊಂದಕ್ಕೆ ಉಪ್ಪು ಜಾಸ್ತಿ ಎಂದಾದರೆ ಇಡೀ ಲೋಡ್ ವಾಪಸ್. ಅದಕ್ಕೇ ಆರ್ಡರ್ ಹಿಡಿಯುವ ಮೊದಲು ಹತ್ತೂ ಜನ ಸೇರಿ ಒಂದು ಮುಷ್ಟಿ ಮಂಡಕ್ಕಿಯನ್ನು ಮಾದರಿ ಎಂದು ಒಪ್ಪಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು. ಲಾರಿಗೆ ಏರುವ ಪ್ರತಿ ಚೀಲದಿಂದಲೂ ನಾಲ್ಕು ಕಾಳು ತೆಗೆದು, ಡಬ್ಬಿಯ ಕಾಳಿನ ಪಕ್ಕ ಇಟ್ಟು, ಹಲ್ಲಲ್ಲಿ ಕಡಿದು ನೋಡಬೇಕು.